ಅಳಿಸುವ ಮೊದಲು ಎಣಿಸು, ತಮ್ಮಾ

ಸಿ ಡ್ರೈವಿನ ಪಟ್ಟಿ ಕೆಂಪಾಯಿತು ಅಂತ ಯಾರಾದರೂ ಓಡಿ ಬಂದರೆ ನಾನು ಮೊದಲು ಕೇಳುವುದು ಒಂದೇ ಮಾತು: ಇಷ್ಟರೊಳಗೆ ಏನೇನು ಅಳಿಸಿದ್ದೀ? ನಿನ್ನನ್ನು ಕೇಳುವ ಅಗತ್ಯವೂ ಇಲ್ಲ, ಮುಖ ನೋಡಿದರೆ ಸಾಕು. ನಿನ್ನ ಕೈ ಚುರುಕು, ಅದನ್ನು ಊರೇ ಒಪ್ಪುತ್ತದೆ. ಯಲಬುರ್ಗಾ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಹಾಕಿ, ಮುಂಜಾನೆ ಪಹಣಿ, ಮಧ್ಯಾಹ್ನ ಪಾಸ್‌ಪೋರ್ಟ್ ಸೈಜ್ ಫೋಟೊ, ಸಂಜೆಗೆ ಲಗ್ನಪತ್ರಿಕೆ, ರಾತ್ರಿ ಮದುವೆ ಆಲ್ಬಮ್ ಅಂತ ಒಂದೇ ಕಂಪ್ಯೂಟರಿನಲ್ಲಿ ನಾಲ್ಕು ಮಂದಿಯ ಕೆಲಸ ಎಳೆಯುತ್ತೀ. ಆದರೆ ಆ ಚುರುಕು ಕೈ ಡಿಲೀಟ್ ಗುಂಡಿಯ ಕಡೆ ಹೋಗುವುದನ್ನು ಕಂಡರೆ ನನ್ನ ಎದೆ ಡವಡವ ಅನ್ನುತ್ತದೆ.

ಕೆಂಪು ಪಟ್ಟಿಗೆ ಅಷ್ಟು ಗಾಬರಿ ಬೇಡ. ಡ್ರೈವಿನ ಖಾಲಿ ಜಾಗ ನೂರಕ್ಕೆ ಹತ್ತಕ್ಕಿಂತ ಕೆಳಗೆ ಇಳಿದರೆ ವಿಂಡೋಸ್ ಆ ಬಣ್ಣ ತೋರಿಸುತ್ತದೆ, ಅಷ್ಟೇ. ಜಾಗ ತಿಂದವರು ಯಾರು, ಎಂದಿನಿಂದ ತಿನ್ನುತ್ತಿದ್ದಾರೆ ಅನ್ನುವುದನ್ನು ಅದು ಹೇಳುವುದಿಲ್ಲ. ಅದನ್ನು ಪತ್ತೆ ಹಚ್ಚುವುದು ನಿನ್ನ ಕೆಲಸ. ನೀನು ಪತ್ತೆ ಹಚ್ಚುವುದನ್ನು ಬಿಟ್ಟು ನೇರ ಶಿಕ್ಷೆಗೇ ಕೈ ಹಾಕುತ್ತೀ. ಕಣ್ಣಿಗೆ ಮೊದಲು ಬಿದ್ದ ಫೋಲ್ಡರಿನ ಗ್ರಹಚಾರ ಕೆಟ್ಟಿತು ಅಂತಲೇ ಅರ್ಥ.

ಕಳೆದೇ ಇಲ್ಲದ್ದನ್ನು ಮಾತ್ರ ಹುಡುಕಬೇಡ. ಹೊಸ 1 ಟಿಬಿ ಡಿಸ್ಕ್ ತಂದು ಹಚ್ಚಿದ ದಿನವೇ "ಇದರಾಗ 931 ಜಿಬಿ ಅಷ್ಟ ಐತಿ, ಅಂಗಡ್ಯಾಂವ ಮೋಸ ಮಾಡ್ಯಾನ" ಅಂತ ಜಗಳಕ್ಕೆ ಹೊರಟವರನ್ನು ನಾನು ಕೈ ಹಿಡಿದು ಕೂರಿಸಿದ್ದೇನೆ. ಅಂಗಡಿಯವನದು ತಪ್ಪಿಲ್ಲ. ಡಿಸ್ಕ್ ಮಾಡುವ ಕಂಪನಿಗಳು ಸಾವಿರದ ಲೆಕ್ಕ ಹಿಡಿಯುತ್ತವೆ. ಅವರ ಒಂದು ಜಿಬಿ ಅಂದರೆ ನೂರು ಕೋಟಿ ಬೈಟ್, ಒಂದು ಟಿಬಿ ಅಂದರೆ ಒಂದು ಲಕ್ಷ ಕೋಟಿ ಬೈಟ್. ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಅದರ ಒಂದು ಜಿಬಿಗೆ 107 ಕೋಟಿ 37 ಲಕ್ಷದ ಮೇಲೆ ಬೈಟ್ ಬೇಕು. ಒಂದು ಲಕ್ಷ ಕೋಟಿಯನ್ನು ಇದರಿಂದ ಭಾಗಿಸು, 931 ಬರುತ್ತದೆ. ಅದೇ ಲೆಕ್ಕದಲ್ಲಿ 500 ಜಿಬಿ ಡಿಸ್ಕ್ 465 ಆಗುತ್ತದೆ, 256ರ ಎಸ್‌ಎಸ್‌ಡಿ 238 ಆಗುತ್ತದೆ. ಈ ವ್ಯತ್ಯಾಸಕ್ಕಾಗಿ ಅಮೆರಿಕದ ಜನ ಕೋರ್ಟಿನ ಮೆಟ್ಟಿಲು ಹತ್ತಿದ್ದರು. 2006ರಲ್ಲಿ ವೆಸ್ಟರ್ನ್ ಡಿಜಿಟಲ್, 2007ರಲ್ಲಿ ಸೀಗೇಟ್ ಕಂಪನಿ ರಾಜಿ ಮಾಡಿಕೊಂಡವು. 2009ರಿಂದ ಆಪಲ್‌ನ ಮ್ಯಾಕ್ ಕೂಡ ಸಾವಿರದ ಲೆಕ್ಕಕ್ಕೇ ಬಂತು. ಹಾಗಾಗಿ ನಿನ್ನ ಡಿಸ್ಕನ್ನೇ ಮ್ಯಾಕ್‌ಗೆ ಹಚ್ಚಿದರೆ ಪೂರ್ತಿ ಸಾವಿರ ತೋರಿಸುತ್ತದೆ. ಡಿಸ್ಕ್ ಅದೇ, ಎಣಿಸುವವರು ಬೇರೆ.

ನಮ್ಮ ಕಡೆಯ ಅಂಗಡಿಗಳ ಹಳೆ ಕಂಪ್ಯೂಟರ್ ತೆರೆದು ನೋಡು, ಬಹಳ ಕಡೆ ಸಿ ಡ್ರೈವ್ 97.6 ಜಿಬಿ ಇರುತ್ತದೆ. ಯಾಕೆ ಗೊತ್ತೇ? ವಿಂಡೋಸ್ ಹಾಕುವಾಗ ಹುಡುಗರು 1,00,000 ಎಂಬಿ ಅಂತ ಒತ್ತುತ್ತಾರೆ. ಅದನ್ನು 1024ರಿಂದ ಭಾಗಿಸಿದರೆ ಬರುವುದೇ 97.6. ಆ ಎರಡೂವರೆ ಜಿಬಿಯನ್ನು ಹುಡುಕುತ್ತ ಕೂತವನಿಗೆ ಸಿಗುವುದೇನೂ ಇಲ್ಲ.

ಇನ್ನಷ್ಟು ಜಾಗ ವ್ಯವಸ್ಥೆಗೇ ಹೋಗುತ್ತದೆ. ನಮ್ಮ ಎರೆ ಸೀಮೆಯಲ್ಲಿ ಹಿಂದಿನವರು ಜೋಳ ತುಂಬಲು ನೆಲದಲ್ಲಿ ಹಗೇವು ತೋಡುತ್ತಿದ್ದರಲ್ಲ, ಅದರ ತಳಕ್ಕೆ, ಸುತ್ತಲಿನ ಗೋಡೆಗೆ ಮೊದಲು ಹುಲ್ಲು ಒತ್ತಿ ಆಮೇಲೆ ಕಾಳು ಸುರಿಯುತ್ತಿದ್ದರು. ಹುಲ್ಲು ಹಿಡಿದ ಜಾಗದಲ್ಲಿ ಇನ್ನೆರಡು ಚೀಲ ಹಿಡಿಸುತ್ತಿತ್ತು ಅಂತ ಯಾರೂ ಹುಲ್ಲು ಕಿತ್ತು ಒಗೆಯಲಿಲ್ಲ. ಡಿಸ್ಕಿನಲ್ಲೂ ಹಾಗೆ. ರಿಕವರಿ ಅಂತ ಒಂದು ಸಣ್ಣ ಭಾಗ ಇರುತ್ತದೆ. ಯಾವ ಫೈಲ್ ಎಲ್ಲಿದೆ ಅಂತ ಬರೆದಿಡುವ ಮಾಸ್ಟರ್ ಫೈಲ್ ಟೇಬಲ್ ಇರುತ್ತದೆ. 2019ರಲ್ಲಿ ಬಂದ ವಿಂಡೋಸ್ 10ರ 1903 ಆವೃತ್ತಿಯಿಂದ ಈಚೆಗೆ ಹೊಸದಾಗಿ ಹಾಕಿದ ಕಂಪ್ಯೂಟರುಗಳಲ್ಲಿ ಅಪ್‌ಡೇಟಿಗೆಂದೇ ಸುಮಾರು 7 ಜಿಬಿ ಕಾಯ್ದಿಡುತ್ತಾರೆ. ಇವನ್ನು ಮುಟ್ಟಬೇಡ.

ಇಷ್ಟು ಕಳೆದ ಮೇಲೂ ಲೆಕ್ಕ ಹತ್ತದಿದ್ದರೆ ಆಗ ಹುಡುಕಾಟ ಶುರು. ನೀನು ಮಾಡುವುದೇನು? ಸಿ ಡ್ರೈವ್ ತೆರೆದು, ಎಲ್ಲವನ್ನೂ ಆರಿಸಿ, ಪ್ರಾಪರ್ಟೀಸ್ ನೋಡುತ್ತೀ. ಅಲ್ಲಿ 60 ಜಿಬಿ ಅನ್ನುತ್ತದೆ. ಡ್ರೈವಿನ ಪ್ರಾಪರ್ಟೀಸ್ ನೋಡಿದರೆ 92 ಜಿಬಿ ತುಂಬಿದೆ ಅನ್ನುತ್ತದೆ. 32 ಜಿಬಿ ಮಾಯ! ತಕ್ಷಣ ವೈರಸ್ ಅಂತ ಕೂಗಿಬಿಡುತ್ತೀ. ತಾಳು. ನೀನು ಎಣಿಸಿದ್ದು ನಿನಗೆ ಕಾಣುವುದನ್ನು ಮಾತ್ರ. ಮುಚ್ಚಿಟ್ಟ ಫೈಲುಗಳು ಆ ಎಣಿಕೆಗೆ ಬರಲಿಲ್ಲ. ನಿನಗೆ ಅನುಮತಿ ಇಲ್ಲದ ಫೋಲ್ಡರುಗಳೂ ಬರಲಿಲ್ಲ. ನಿನ್ನ ತಮ್ಮ ಬೇರೆ ಹೆಸರಿನಲ್ಲಿ ಲಾಗಿನ್ ಆಗುತ್ತಾನಲ್ಲ, ಅವನ ಸಾಮಾನೂ ಬರಲಿಲ್ಲ, ಅವನ ರಿಸೈಕಲ್ ಬಿನ್ನೂ ಬರಲಿಲ್ಲ. ಬಿನ್ ಒಂದೇ ಅಂತ ತಿಳಿದಿದ್ದೀ. ಪ್ರತಿ ಡ್ರೈವಿಗೂ ಬೇರೆ, ಪ್ರತಿ ಬಳಕೆದಾರನಿಗೂ ಬೇರೆ. ನಿನ್ನದು ಖಾಲಿ ಇರಬಹುದು; ಅವನದರಲ್ಲಿ ಹೋದ ಯುಗಾದಿಯ ಮದುವೆ ವಿಡಿಯೊ ಹಾಗೇ ಬಿದ್ದಿರಬಹುದು.

ಆದ್ದರಿಂದ ವಿನ್‌ಡಿರ್‌ಸ್ಟ್ಯಾಟ್, ಟ್ರೀಸೈಜ್, ವಿಜ್‌ಟ್ರೀ, ಇವುಗಳಲ್ಲಿ ಯಾವುದಾದರೂ ಒಂದು ತಂತ್ರಾಂಶ ಹಾಕಿಕೋ. ತಯಾರಿಸಿದವರ ಜಾಲತಾಣದಿಂದಲೇ ಇಳಿಸಿಕೋ, ಯಾರದೋ ಪೆನ್‌ಡ್ರೈವಿನಿಂದ ಬೇಡ. ಅದರ ಮೇಲೆ ಬಲಗುಂಡಿ ಒತ್ತಿ ಅಡ್ಮಿನಿಸ್ಟ್ರೇಟರ್ ಆಗಿ ನಡೆಸು. ಈ ಒಂದು ಹೆಜ್ಜೆಯನ್ನು ಹತ್ತರಲ್ಲಿ ಒಂಬತ್ತು ಹುಡುಗರು ಬಿಡುತ್ತಾರೆ, ಬಿಟ್ಟು "ಏನೂ ಕಾಣಲಿಲ್ಲರೀ" ಅನ್ನುತ್ತಾರೆ. ಅಧಿಕಾರ ಇಲ್ಲದೆ ಒಳಗೆ ಹೋದರೆ ಅದಕ್ಕೂ ಬಾಗಿಲು ಮುಚ್ಚಿರುತ್ತದೆ. ಅಧಿಕಾರ ಕೊಟ್ಟರೆ ಆ ತಂತ್ರಾಂಶ ದೊಡ್ಡದರಿಂದ ಸಣ್ಣದಕ್ಕೆ ಪಟ್ಟಿ ಕೊಡುತ್ತದೆ. ಆ ಪಟ್ಟಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೋ. ನಗಬೇಡ. ಅಡತಿ ಅಂಗಡಿಯಲ್ಲಿ ಕೀರ್ದಿ ಬರೆಯುವ ಗುಮಾಸ್ತನ ಮಗ ನೀನು, ಬರೆಯಲು ನಾಚಿಕೆ ಯಾಕೆ? ಪಟ್ಟಿಯ ಜೊತೆಗೆ ತಾರೀಖು, ಮುಂಜಾನೆಯ ಖಾಲಿ ಜಾಗ, ಸಂಜೆಯ ಖಾಲಿ ಜಾಗ. ಒಂದು ವಾರ ಬರೆ. ದಿನವೂ ಸ್ವಲ್ಪ ಸ್ವಲ್ಪ ಇಳಿಯುತ್ತಿದ್ದರೆ ಒಳಗೆ ಯಾವುದೋ ಪ್ರೋಗ್ರಾಮ್ ತಾನೇ ಬರೆಯುತ್ತ ಕೂತಿದೆ. ಒಮ್ಮೆಗೇ ಧೊಪ್ಪನೆ ಇಳಿದು ನಿಂತರೆ ಅದು ಅಪ್‌ಡೇಟು ಅಥವಾ ನೀನೇ ಮಾಡಿ ಮರೆತ ಕಾಪಿ. ಈ ಎರಡಕ್ಕೂ ಮದ್ದು ಬೇರೆ ಬೇರೆ.

ದಿನವೂ ಇಳಿಯುವ ಜಾತಿಯದನ್ನು ಒಂದು ಫೋಟೊ ಸ್ಟುಡಿಯೋದಲ್ಲಿ ನಾನು ಹತ್ತಿರದಿಂದ ನೋಡಿದ್ದೇನೆ. ವಿಂಡೋಸ್ 7ರ ಕಾಲ. ಸ್ಟುಡಿಯೋದ ಹುಡುಗ ಬಹಳ ಜಾಣ, ನಿನ್ನಷ್ಟೇ ಗಡಿಬಿಡಿ. ಜಾಗ ತುಂಬಿದಾಗಲೆಲ್ಲ ಟೆಂಪ್ ಫೋಲ್ಡರ್ ಖಾಲಿ ಮಾಡುತ್ತಿದ್ದ, ಮರುದಿನ ಮತ್ತೆ ತುಂಬುತ್ತಿತ್ತು. ವೈರಸ್ ಅಂತ ತೀರ್ಮಾನಿಸಿ ಫಾರ್ಮ್ಯಾಟ್ ಸಿಡಿ ಕೈಯಲ್ಲಿ ಹಿಡಿದು ನಿಂತಿದ್ದ. ವಿಂಡೋಸ್ ಫೋಲ್ಡರಿನೊಳಗಿನ ಟೆಂಪ್ ತೆರೆದು ನೋಡಿದರೆ ಕ್ಯಾಬ್ ಅಡಿಗೆರೆ ಮತ್ತು ಅಂಕಿಗಳ ಹೆಸರಿನ ಫೈಲುಗಳು ಸಾಲಾಗಿ ಕೂತಿದ್ದವು, ಒಂದೊಂದು ಹತ್ತಿರ ಹತ್ತಿರ ನೂರು ಎಂಬಿ. ವೈರಸ್ ಅಲ್ಲ. ವಿಂಡೋಸ್ ತನ್ನ ಅಪ್‌ಡೇಟುಗಳ ದಿನಚರಿಯನ್ನು ಲಾಗ್ಸ್ ಫೋಲ್ಡರಿನ ಸಿಬಿಎಸ್ ಎಂಬಲ್ಲಿ ಬರೆದಿಡುತ್ತದೆ. ಹಳೆಯದಾದ ಮೇಲೆ ಅದನ್ನು ಒತ್ತಿ ಚಿಕ್ಕದು ಮಾಡಿ ಕ್ಯಾಬ್ ಫೈಲ್ ಕಟ್ಟುತ್ತದೆ. ಆ ಕಟ್ಟುವ ಸಾಧನಕ್ಕೆ 2 ಜಿಬಿಯ ಮಿತಿ ಇದೆ. ದಿನಚರಿ ಅದನ್ನು ದಾಟಿ ಬೆಳೆದರೆ ಕಟ್ಟುವ ಕೆಲಸ ಅರ್ಧಕ್ಕೆ ಮುರಿಯುತ್ತದೆ, ಅರ್ಧ ಕಟ್ಟಿದ ತುಂಡು ಟೆಂಪಿನಲ್ಲಿ ಉಳಿಯುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಪ್ರಯತ್ನ, ಮತ್ತೊಂದು ತುಂಡು. ಹೀಗೆ ಹಗಲು ರಾತ್ರಿ.

ಹುಡುಗ ತುಂಡುಗಳನ್ನು ಬಳಿಯುತ್ತಿದ್ದ, ಕಾರಣವನ್ನು ಬಿಟ್ಟಿದ್ದ. ಸರ್ವಿಸಸ್ ಪಟ್ಟಿಯಲ್ಲಿ ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ಎಂಬುದನ್ನು ನಿಲ್ಲಿಸಿ, ಆ ಬೆಳೆದ ದಿನಚರಿಯನ್ನು ಹೊರಗಿನ ಡಿಸ್ಕಿಗೆ ಸರಿಸಿ, ಆಮೇಲೆ ತುಂಡುಗಳನ್ನು ತೆಗೆದೆವು. ಮತ್ತೆ ತುಂಬಲಿಲ್ಲ. ಅಂದು ಫಾರ್ಮ್ಯಾಟ್ ಮಾಡಿದ್ದರೂ ಜಾಗ ಬರುತ್ತಿತ್ತು ಅಂತ ನೀನು ವಾದ ಮಾಡಬಹುದು. ಬರುತ್ತಿತ್ತು, ಡೆಸ್ಕ್‌ಟಾಪಿನ ಮೇಲೆ ಅವನಿಟ್ಟಿದ್ದ ಮೂರು ಮನೆಯ ಮದುವೆ ಫೋಟೊಗಳನ್ನು ಕರೆದುಕೊಂಡು ಹೋಗಿ.

ಇನ್ನೊಂದು ಜಾಗಗಳ್ಳ ಇದಕ್ಕಿಂತ ಸೂಕ್ಷ್ಮ. ಡ್ರೈವಿನ ಬುಡದಲ್ಲಿ ಸಿಸ್ಟಮ್ ವಾಲ್ಯೂಮ್ ಇನ್‌ಫರ್ಮೇಷನ್ ಅಂತ ಒಂದು ಫೋಲ್ಡರ್ ಇರುತ್ತದೆ. ಒತ್ತಿದರೆ ಪ್ರವೇಶವಿಲ್ಲ ಅನ್ನುತ್ತದೆ. ಹಿಂದಿನ ಸ್ಥಿತಿಗೆ ಮರಳಲು ಬೇಕಾಗುವ ರಿಸ್ಟೋರ್ ಪಾಯಿಂಟುಗಳು ಅಲ್ಲಿರುತ್ತವೆ. ಅದರ ಕೆಲಸದ ರೀತಿ ತಿಳಿದುಕೋ. ಅದು ಒಂದು ದಿನ ಡ್ರೈವಿನ ಸ್ಥಿತಿಯನ್ನು ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ನೀನು ಹಳೆ ಫೈಲ್ ಅಳಿಸಿ, ಅದೇ ಜಾಗದ ಮೇಲೆ ಹೊಸದು ಬರೆದರೆ, ಬರೆಯುವ ಮೊದಲು ಹಳೆಯದರ ನಕಲನ್ನು ತನ್ನ ಉಗ್ರಾಣಕ್ಕೆ ಎತ್ತಿಡುತ್ತದೆ. ನೀನು 10 ಜಿಬಿ ಅಳಿಸಿ 10 ಜಿಬಿ ಹೊಸ ಆಲ್ಬಮ್ ತುಂಬಿಸಿದರೆ ಲೆಕ್ಕ ಸರಿಹೋಗಬೇಕಲ್ಲ? ಹೋಗುವುದಿಲ್ಲ. ಅಳಿಸಿದ್ದು ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂದು ಕೂತಿರುತ್ತದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ವಿಎಸ್‌ಎಸ್‌ಅಡ್ಮಿನ್ ಲಿಸ್ಟ್ ಶ್ಯಾಡೋಸ್ಟೋರೇಜ್ ಅಂತ ಕೇಳು. ಎಷ್ಟು ಬಳಸಿದೆ, ಗರಿಷ್ಠ ಎಷ್ಟು ಬಳಸಬಹುದು ಅಂತ ಅದು ಉತ್ತರ ಕೊಡುತ್ತದೆ. ಗರಿಷ್ಠ ಅನ್ನುವಲ್ಲಿ ಅನ್‌ಬೌಂಡೆಡ್ ಅಂತಿದ್ದರೆ ನಿನ್ನ ಮಾಯವಾದ ಜಾಗ ಅಲ್ಲಿಯೇ ಸಿಕ್ಕಿತು ಅನ್ನು. ಸಿಸ್ಟಮ್ ಪ್ರೊಟೆಕ್ಷನ್‌ಗೆ ಹೋಗಿ ಒಂದು ಮಿತಿ ಹಾಕು. ಪೂರಾ ಬಂದ್ ಮಾಡಬೇಡ. ಕೆಟ್ಟ ಅಪ್‌ಡೇಟ್ ಬಂದ ದಿನ ಅದೇ ನಿನ್ನನ್ನು ಕಾಯುತ್ತದೆ.

ಮುಚ್ಚಿಟ್ಟ ಫೈಲುಗಳಲ್ಲಿ ಹೈಬರ್‌ಫಿಲ್ ಡಾಟ್ ಸಿಸ್ ಅಂತ ಒಂದಿದೆ. ಕಂಪ್ಯೂಟರ್ ಗಾಢ ನಿದ್ದೆಗೆ ಹೋಗುವಾಗ ಮೆಮೊರಿಯಲ್ಲಿದ್ದದ್ದನ್ನು ಬರೆದಿಡುವ ಜಾಗ. ವಿಂಡೋಸ್ 10ರಲ್ಲಿ ಸಾಮಾನ್ಯವಾಗಿ ರ್‍ಯಾಮ್‌ನ ನೂರಕ್ಕೆ 40ರಷ್ಟು. 16 ಜಿಬಿ ರ್‍ಯಾಮ್ ಇದ್ದರೆ ಆರೂವರೆ ಜಿಬಿ ಹತ್ತಿರ. ಅಂಗಡಿಯ ಡೆಸ್ಕ್‌ಟಾಪಿಗೆ ಈ ನಿದ್ದೆ ಬೇಕಿಲ್ಲವೆಂದರೆ ಪವರ್‌ಸಿಎಫ್‌ಜಿ ಆದೇಶದಿಂದ ನಿಲ್ಲಿಸು. ಫೈಲನ್ನು ಕೈಯಿಂದ ಕಿತ್ತುಹಾಕಲು ಹೆಣಗಬೇಡ. ನಿಲ್ಲಿಸಿದರೆ ಬೇಗ ಶುರುವಾಗುವ ಸೌಕರ್ಯವೂ ನಿಲ್ಲುತ್ತದೆ, ಅದೂ ನೆನಪಿರಲಿ. ಮೆಮೊರಿ ಸಾಲದಾದಾಗ ವಿಂಡೋಸ್ ಬಳಸುವ ಪೇಜ್‌ಫೈಲ್ ತಂಟೆಗೆ ಹೋಗಲೇಬೇಡ.

ವಿಂಡೋಸ್ ಫೋಲ್ಡರಿನ ವಿನ್‌ಎಸ್‌ಎಕ್ಸ್‌ಎಸ್ ಕಂಡರೆ ನಿನ್ನ ಕೈ ತುರಿಸುತ್ತದೆ, ನನಗೆ ಗೊತ್ತು. ಅಷ್ಟು ದೊಡ್ಡದಾಗಿ ಕಾಣುತ್ತದೆ. ಅದರಲ್ಲಿರುವ ಎಷ್ಟೋ ಫೈಲುಗಳು ಬೇರೆ ಫೋಲ್ಡರಿನಲ್ಲೂ ಅದೇ ಫೈಲುಗಳಾಗಿ ಕಾಣುತ್ತವೆ, ಡಿಸ್ಕಿನ ಮೇಲೆ ಇರುವುದು ಒಂದೇ ಪ್ರತಿ, ಹೆಸರು ಎರಡು ಕಡೆ. ಎರಡು ಸಲ ಎಣಿಸಿ ನೀನು ಬೆಚ್ಚಿಬೀಳುತ್ತೀ. ಕೈಯಿಂದ ಅಳಿಸಿದರೆ ಮರುದಿನ ಕಂಪ್ಯೂಟರ್ ಎದ್ದೇಳುವುದಿಲ್ಲ. ಡಿಸ್ಕ್ ಕ್ಲೀನಪ್‌ನಲ್ಲಿ ಸಿಸ್ಟಮ್ ಫೈಲುಗಳ ಗುಂಡಿ ಒತ್ತಿದರೆ ಹಳೆಯ ಅಪ್‌ಡೇಟುಗಳನ್ನೂ ಹಿಂದಿನ ವಿಂಡೋಸನ್ನೂ ಅದೇ ಸರಿಯಾಗಿ ತೆಗೆಯುತ್ತದೆ.

ಆದರೆ ಅಲ್ಲಿಯೂ ಕಣ್ಣು ತೆರೆದಿಟ್ಟುಕೋ. 2018ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಲ್ಲಿ ಡಿಸ್ಕ್ ಕ್ಲೀನಪ್ ಪಟ್ಟಿಗೆ ಡೌನ್‌ಲೋಡ್ಸ್ ಫೋಲ್ಡರನ್ನೂ ಸೇರಿಸಿಬಿಟ್ಟರು. ಎಲ್ಲ ಚೌಕಗಳಿಗೂ ಟಿಕ್ ಹಾಕಿ ಸರಿ ಅನ್ನುವ ಅಭ್ಯಾಸವಿದ್ದವರು ತಮ್ಮ ಕಾಗದಪತ್ರಗಳನ್ನು ತಾವೇ ಗುಡಿಸಿ ಹಾಕಿದರು. ಅದೇ ಆವೃತ್ತಿ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರನ್ನು ತಾನೇ ನುಂಗಿತು, ಅದಕ್ಕಾಗಿ ಮೈಕ್ರೊಸಾಫ್ಟ್ ಕೆಲವೇ ದಿನಗಳಲ್ಲಿ ವಿತರಣೆ ನಿಲ್ಲಿಸಬೇಕಾಯಿತು. ಅಷ್ಟು ದೊಡ್ಡ ಕಂಪನಿಯ ಕೈಯಲ್ಲೇ ಹಾಗಾದ ಮೇಲೆ ನೀನು ಪ್ರತಿ ಟಿಕ್ ಹಾಕುವ ಮುಂಚೆ ಅದರ ಹೆಸರು ಓದುವುದು ದೊಡ್ಡ ಕಷ್ಟವಲ್ಲ.

ಈಗ ನಿನ್ನದೇ ಮಾಲಿಗೆ ಬರೋಣ. ಅಪರಾಧಿ ಬಹಳ ಸಲ ವಿಂಡೋಸ್ ಅಲ್ಲ, ನೀನೇ. ಆಲ್ಬಮ್ಮಿನ ಹಾಳೆ 12 ಇಂಚು ಎತ್ತರ, 36 ಇಂಚು ಅಗಲ, ಇಂಚಿಗೆ 300 ಚುಕ್ಕೆ. ಗುಣಿಸಿ ನೋಡು. 3,600 ಇಂಟು 10,800, ಒಂದೊಂದು ಚುಕ್ಕೆಗೆ ಮೂರು ಬೈಟ್. ಹತ್ತಿರ 11 ಕೋಟಿ 66 ಲಕ್ಷ ಬೈಟ್, ಅಂದರೆ ಒಂದೇ ಒಂದು ಪದರಕ್ಕೆ ನೂರು ಎಂಬಿಯ ಮೇಲೆ. ನೀನು ಇಟಗಿಯ ಮಹಾದೇವ ಗುಡಿಯ ಕಂಬಗಳನ್ನು ಹಿಂದೆ ಹಾಕಿ, ವಧು-ವರರನ್ನು ಮುಂದೆ ಇಟ್ಟು, ಮೇಲೆ ಹೂವು, ಅದರ ಮೇಲೆ ಹೆಸರು, ಅದರ ಮೇಲೆ ಮಂಜು ಅಂತ ಪದರ ಏರಿಸುತ್ತ ಹೋಗುತ್ತೀ. ಆಮೇಲೆ ಆ ಫೈಲನ್ನು ಫೈನಲ್, ಫೈನಲ್ ಓಕೆ, ಫೈನಲ್ ಓಕೆ ಲಾಸ್ಟ್, ಹೀಗೆ ನಾಲ್ಕು ಹೆಸರಲ್ಲಿ ಉಳಿಸುತ್ತೀ. ಗಿರಾಕಿ ಒಪ್ಪಿ, ಆಲ್ಬಮ್ ಪ್ರಿಂಟಾಗಿ ಬಂದ ದಿನ ಆ ನಾಲ್ಕರಲ್ಲಿ ಒಂದನ್ನು ಇಟ್ಟು ಮೂರನ್ನು ತೆಗೆ. ಅದೇ ದಿನ ತೆಗೆ. ಎರಡು ತಿಂಗಳು ಬಿಟ್ಟರೆ ಯಾವುದು ನಿಜವಾದ ಫೈನಲ್ ಅನ್ನುವುದು ನಿನಗೂ ಮರೆತಿರುತ್ತದೆ. ಕರೆಂಟ್ ಹೋಗಿ ಫೋಟೊಶಾಪ್ ನಡುವೆ ಸತ್ತರೆ ಅದರ ಟೆಂಪ್ ಫೈಲ್ ಹಾಗೇ ಉಳಿಯುತ್ತದೆ, ಜಿಬಿಗಟ್ಟಲೆ. ಫೋಟೊಶಾಪ್ ಮುಚ್ಚಿ ಅದನ್ನು ತೆಗೆಯಬಹುದು. ವಿಡಿಯೊ ಮಾಡುವ ಪ್ರೀಮಿಯರ್ ಮೀಡಿಯಾ ಕ್ಯಾಷ್ ಅಂತ ಬೇರೆಯೇ ಒಂದು ಗೂಡು ಕಟ್ಟುತ್ತದೆ. ಕೆಲಸ ಮುಗಿದ ಮೇಲೆ ಅದರ ಸೆಟ್ಟಿಂಗಿನಿಂದಲೇ ಖಾಲಿ ಮಾಡು.

ದೊಡ್ಡದನ್ನು ಬಿಟ್ಟು ಸಣ್ಣದನ್ನು ಕೊಲ್ಲುವ ನಿನ್ನ ಅಭ್ಯಾಸ ನನಗೆ ಬಹಳ ನೋವು ಕೊಡುತ್ತದೆ. ಇದೊಂದನ್ನು ಗಟ್ಟಿಯಾಗಿ ಹೇಳುತ್ತೇನೆ, ಬೇಜಾರಾಗಬೇಡ. ಜಾಗ ಬೇಕು ಅಂತ ನುಡಿ ತಂತ್ರಾಂಶದ ಹಳೆ ಫಾಂಟುಗಳನ್ನು ತೆಗೆದು ಹಾಕುವವರಿದ್ದಾರೆ. "ಈಗೆಲ್ಲಾ ಯೂನಿಕೋಡ್ ಐತಿ ಬಿಡ್ರಿ" ಅನ್ನುತ್ತಾರೆ. ಫಾಂಟ್ ಹಿಡಿಯುವ ಜಾಗ ನೂರಾರು ಕೆಬಿ. ನಿನ್ನ ಒಂದು ಮಂಜಿನ ಪದರದಲ್ಲಿ ಅಂಥವು ಎಷ್ಟೋ ಕೂರುತ್ತವೆ. ಆದರೆ ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ, ಶೇಷಾದ್ರಿವಾಸು ಅವರು 1998ರಲ್ಲಿ ಕೊಟ್ಟ ಬರಹದಲ್ಲಿ ನಾವು ವರ್ಷಗಟ್ಟಲೆ ಟೈಪ್ ಮಾಡಿದ್ದು ಯೂನಿಕೋಡ್ ಅಲ್ಲದ ಅಕ್ಷರ. ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಅದಕ್ಕೆ ಕನ್ನಡದ ರೂಪ ಕೊಡುವುದು ಆ ಫಾಂಟು. ಫಾಂಟ್ ಹೋದರೆ ಪೇಜ್‌ಮೇಕರಿನ ಹಳೆ ಲಗ್ನಪತ್ರಿಕೆ, ಜಾತ್ರೆಯ ಆಮಂತ್ರಣ, ಸಂಘದ ನಡಾವಳಿ ಎಲ್ಲವೂ ಅರ್ಥವಿಲ್ಲದ ಗೀಚು ಆಗಿ ತೆರೆದುಕೊಳ್ಳುತ್ತವೆ. ಎಷ್ಟೋ ಮನೆಯ ಹಿರಿಯರ ಹೆಸರು, ಊರು, ಸಂಬಂಧ ಬರೆದ ಒಂದೇ ದಾಖಲೆ ಆ ಲಗ್ನಪತ್ರಿಕೆಯ ಫೈಲೇ ಆಗಿರುತ್ತದೆ. ಹಳೆ ಫಾಂಟುಗಳನ್ನೆಲ್ಲ ಒಂದು ಫೋಲ್ಡರಿನಲ್ಲಿ ಹಾಕಿ ಎರಡು ಕಡೆ ನಕಲು ಇಡು. ಆಮೇಲೆ ಪುರುಸೊತ್ತು ಆದಾಗ ಫೈಲುಗಳನ್ನು ಒಂದೊಂದಾಗಿ ಯೂನಿಕೋಡಿಗೆ ತಿರುಗಿಸು.

ಪೆನ್‌ಡ್ರೈವಿನ ಮಾತು ಬೇರೆಯೇ. ಗಿರಾಕಿ ಪೆನ್‌ಡ್ರೈವ್ ಕೊಡುತ್ತಾನೆ, ತೆರೆದರೆ ಬರೀ ಶಾರ್ಟ್‌ಕಟ್, ಒಳಗೆ ಏನೂ ಇಲ್ಲ. ಆದರೆ 5 ಜಿಬಿ ತುಂಬಿದೆ ಅನ್ನುತ್ತದೆ. "ಕೆಟ್ಟೈತ್ರಿ, ಫಾರ್ಮ್ಯಾಟ್ ಹೊಡಿತೀನಿ" ಅಂತ ನೀನು ಹೇಳುವ ಆ ಗಳಿಗೆಯಲ್ಲೇ ಅವನ ಮಗಳ ಮಾರ್ಕ್ಸ್ ಕಾರ್ಡ್, ಹೊಲದ ನಕಾಶೆ ಎಲ್ಲ ಹೋಗುತ್ತವೆ. ತುಂಬಿದ ಆ 5 ಜಿಬಿಯೇ ಸಾಕ್ಷಿ, ಫೈಲುಗಳು ಅಲ್ಲಿಯೇ ಇವೆ. ಆ ವೈರಸ್ ಮಾಡುವುದು ಇಷ್ಟೇ: ನಿಜವಾದ ಫೋಲ್ಡರುಗಳಿಗೆ ಮುಚ್ಚಿಟ್ಟ, ವ್ಯವಸ್ಥೆಯ ಎಂಬ ಎರಡು ಗುರುತು ಹಾಕಿ ಅಡಗಿಸುತ್ತದೆ, ಅದೇ ಹೆಸರಿನ ಶಾರ್ಟ್‌ಕಟ್ ಮುಂದೆ ನಿಲ್ಲಿಸುತ್ತದೆ. ಕೆಲವು ಜಾತಿಯವು ಎಲ್ಲವನ್ನೂ ಹೆಸರೇ ಕಾಣದ ಒಂದು ಫೋಲ್ಡರಿನೊಳಗೆ ತಳ್ಳುತ್ತವೆ. ಶಾರ್ಟ್‌ಕಟ್ಟನ್ನು ಒತ್ತಬೇಡ, ಒತ್ತಿದರೆ ನಿನ್ನ ಕಂಪ್ಯೂಟರಿಗೂ ಹತ್ತುತ್ತದೆ. ಮೊದಲು ಆಂಟಿವೈರಸ್‌ನಿಂದ ತೊಳೆ. ವ್ಯೂ ಪಟ್ಟಿಯ ಆಯ್ಕೆಗಳಲ್ಲಿ ಮುಚ್ಚಿಟ್ಟ ಫೈಲುಗಳನ್ನು ತೋರಿಸುವುದನ್ನು ಆರಿಸಿ, ವ್ಯವಸ್ಥೆಯ ಫೈಲುಗಳನ್ನು ಮುಚ್ಚಿಡುವ ಟಿಕ್ ತೆಗೆ, ಫೋಲ್ಡರುಗಳು ಮಸುಕಾಗಿ ಕಾಣುತ್ತವೆ. ಆಟ್ರಿಬ್ ಆದೇಶದಲ್ಲಿ ಆ ಎರಡೂ ಗುರುತುಗಳನ್ನು ಕಳೆ. ಗಿರಾಕಿಯ ಮುಖ ಅರಳುವುದನ್ನು ನೋಡು.

ದೊಡ್ಡ ಪೆನ್‌ಡ್ರೈವಿನಲ್ಲಿ ಸಣ್ಣ ಫೈಲುಗಳು ಜಾಗ ತಿನ್ನುವ ರೀತಿಯೂ ತಿಳಿದಿರಲಿ. 32 ಜಿಬಿಗಿಂತ ದೊಡ್ಡದನ್ನು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಸಾಮಾನ್ಯವಾಗಿ 128 ಕೆಬಿಯ ಖಾನೆ ಮಾಡುತ್ತದೆ. ಒಂದು ಖಾನೆಯಲ್ಲಿ ಎರಡು ಫೈಲ್ ಕೂರುವುದಿಲ್ಲ. ಅರ್ಜಿಗೆ ಬೇಕಾದ 20 ಕೆಬಿಯ ಫೋಟೊ ಇಟ್ಟರೂ 128 ಹೋಯಿತು. ಅಂಥ 10,000 ಫೋಟೊಗಳ ನಿಜ ತೂಕ 200 ಎಂಬಿ, ಹಿಡಿಯುವ ಜಾಗ ಒಂದೂಕಾಲು ಜಿಬಿ ಹತ್ತಿರ. ಪ್ರಾಪರ್ಟೀಸ್‌ನಲ್ಲಿ ಸೈಜ್ ಅಂತ ಒಂದು, ಸೈಜ್ ಆನ್ ಡಿಸ್ಕ್ ಅಂತ ಇನ್ನೊಂದು ಇರುವುದು ಇದಕ್ಕೇ. ವರ್ಷವಾರು ಜಿಪ್ ಮಾಡಿ ಇಡು. ಸಂತೆಯಲ್ಲಿ ಮುನ್ನೂರು ರೂಪಾಯಿಗೆ 2 ಟಿಬಿ ಅಂತ ಮಾರುವ ಪೆನ್‌ಡ್ರೈವನ್ನು ಮುಟ್ಟಲೂ ಬೇಡ. ಅದರ ಚಿಪ್ಪಿಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ನಿಜವಾದ ಸಣ್ಣ ಜಾಗ ತುಂಬಿದ ಮೇಲೆ ಬರೆದದ್ದು ಉಳಿಯುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಸಣ್ಣ ತಂತ್ರಾಂಶ ಅದನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ, ನಿಜ ಹೇಳುತ್ತದೆ.

ಮತ್ತೆ ಸಿ ಡ್ರೈವಿಗೆ ಬರೋಣ. ಎಲ್ಲ ಹುಡುಕಿಯೂ ಲೆಕ್ಕ ಸೇರದಿದ್ದರೆ ಡಿಸ್ಕ್ ಇಟ್ಟುಕೊಂಡ ಲೆಕ್ಕವೇ ಕೆಟ್ಟಿರಬಹುದು. ಯುಪಿಎಸ್ ಬ್ಯಾಟರಿ ಸತ್ತು ತಿಂಗಳಾದರೂ ಬದಲಿಸದ ಅಂಗಡಿಗಳಲ್ಲಿ ಇದು ಸಾಮಾನ್ಯ. ಬರೆಯುತ್ತಿರುವಾಗ ಕರೆಂಟ್ ಹೋದರೆ, ಖಾಲಿ ಜಾಗವೂ ತುಂಬಿದೆ ಅಂತ ಡಿಸ್ಕಿನ ನಕ್ಷೆಯಲ್ಲಿ ಉಳಿದುಬಿಡಬಹುದು. ಚೆಕ್‌ಡಿಸ್ಕ್ ಅನ್ನು ಮೊದಲು ಏನೂ ಸೇರಿಸದೆ ನಡೆಸು, ಆಗ ಅದು ಓದುತ್ತದೆ, ತಿದ್ದುವುದಿಲ್ಲ. ಖಾಲಿ ಜಾಗವನ್ನು ಬಳಕೆಯಲ್ಲಿದೆ ಎಂದು ಗುರುತಿಸಲಾಗಿದೆ ಅನ್ನುವ ಅರ್ಥದ ಸಾಲು ಬಂದರೆ ಸಿಕ್ಕಿತು. ಮುಖ್ಯ ಫೈಲುಗಳ ನಕಲು ಬೇರೆ ಡಿಸ್ಕಿಗೆ ಹೋದ ಮೇಲೆ ಎಫ್ ಸೇರಿಸಿ ತಿದ್ದಿಸು. ಡಿಸ್ಕ್ ಟಕ್ ಟಕ್ ಸದ್ದು ಮಾಡುತ್ತಿದ್ದರೆ ಚೆಕ್‌ಡಿಸ್ಕ್ ಕೂಡ ಬೇಡ. ಆಗ ಜಾಗದ ಚಿಂತೆ ಬಿಡು, ಓದಲು ಆಗುವಷ್ಟನ್ನು ಮೊದಲು ಹೊರಗೆ ತೆಗೆ.

ಕೊನೆಗೆ ಉಳಿದದ್ದು ನಿನ್ನ ಡೌನ್‌ಲೋಡ್ಸ್ ಫೋಲ್ಡರ್. ಅದರ ಜಾಗ ದೊಡ್ಡದಲ್ಲ, ಆದರೆ ಪಟ್ಟಿ ಮಾಡಿ ನೋಡಿದಾಗ ನೀನೇ ಗಾಬರಿಯಾಗುತ್ತೀ. ಹಿರೇವಂಕಲಕುಂಟಿಯ ಅಜ್ಜನ ಆಧಾರ್, ಮುಧೋಳದ ಹುಡುಗಿಯ ಜಾತಿ-ಆದಾಯ ಪತ್ರ, ಯಾರದೋ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಪ್ರಿಂಟ್ ತಗೊಂಡು ಹತ್ತು ರೂಪಾಯಿ ಕೊಟ್ಟು ಹೋದ ಜನ ಅವರು. ತಮ್ಮ ಕಾಗದ ನಿನ್ನ ಡಿಸ್ಕಿನಲ್ಲಿ ಎರಡು ವರ್ಷದಿಂದ ಕೂತಿದೆ ಅಂತ ಅವರಿಗೆ ಗೊತ್ತಿಲ್ಲ. 2023ರಲ್ಲಿ ನಮ್ಮ ದೇಶಕ್ಕೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಕಾಯ್ದೆ ಇರಲಿ ಬಿಡಲಿ, ಅವರು ನಿನ್ನ ಕೈಗೆ ಕೊಟ್ಟದ್ದು ನಂಬಿಕೆಯಿಂದ. ಇಲ್ಲಿ ಮಾತ್ರ ನಿನ್ನ ಅವಸರಕ್ಕೆ ನಾನು ಅಡ್ಡ ಬರುವುದಿಲ್ಲ. ಪ್ರಿಂಟ್ ಕೊಟ್ಟ ಕೂಡಲೇ ಅವರೆದುರೇ ಅಳಿಸು, ಬಿನ್ ಖಾಲಿ ಮಾಡು, ವಾಟ್ಸ್ಆ್ಯಪ್‌ನಲ್ಲಿ ಬಂದದ್ದಾದರೆ ಅಲ್ಲಿಯೂ ತೆಗೆ. ಆಧಾರ್ ಪೂರ್ತಿ ಬೇಕಿಲ್ಲದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ತೆಗೆದುಕೊಡು.

ಹಳೆ ಡಿಸ್ಕನ್ನು ಗುಜರಿಯವನಿಗೋ ಇನ್ನೊಬ್ಬ ಅಂಗಡಿಯವನಿಗೋ ಮಾರುವ ಮುಂಚೆ ಇನ್ನೊಂದು ಕೆಲಸ ಉಂಟು. ಅಳಿಸಿದ ಫೈಲಿನ ಹೆಸರು ಮಾತ್ರ ಹೋಗಿರುತ್ತದೆ, ಮೇಲೆ ಬೇರೆ ಬರೆಯುವ ತನಕ ಒಳಗಿನದು ಉಳಿದಿರುತ್ತದೆ, ತಿಳಿದವರು ಎತ್ತಬಲ್ಲರು. ತಿರುಗುವ ಹಾರ್ಡ್ ಡಿಸ್ಕ್ ಆದರೆ ಅಳಿಸಿದ ಮೇಲೆ ಸೈಫರ್ ಆದೇಶವನ್ನು ಡಬ್ಲ್ಯೂ ಸೇರಿಸಿ ಆ ಡ್ರೈವಿನ ಹೆಸರು ಕೊಟ್ಟು ನಡೆಸು, ಖಾಲಿ ಜಾಗದ ಮೇಲೆಲ್ಲ ಬರೆದು ಮುಗಿಸುತ್ತದೆ. ಎಸ್‌ಎಸ್‌ಡಿ ಆದರೆ ಅದರ ಕಂಪನಿಯೇ ಕೊಡುವ ಸುರಕ್ಷಿತ ಅಳಿಸುವ ಸಾಧನ ಬಳಸು. ಸೈಫರ್ ಆದೇಶ ದೊಡ್ಡ ಹಾರ್ಡ್ ಡಿಸ್ಕಿಗೆ ಬಹಳ ತಾಸು ಹಿಡಿಯುತ್ತದೆ. ಸಂಜೆ ಅಂಗಡಿ ಮುಚ್ಚುವಾಗ ಹಚ್ಚಿ ಹೋಗು, ಹೋಗುವ ಮುಂಚೆ ಯುಪಿಎಸ್ ಬ್ಯಾಟರಿ ಒಮ್ಮೆ ನೋಡಿಕೋ.